ಕ್ಯಾಟಸ್ಟ್ರೋಫಿಕ್ ಅಂದ್ರೆ ಎಷ್ಟು ಅಡಿ ನೀರು?

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಪ್ರಳಯ. ಲಿಫ್ಟ್ ಅರ್ಧ ಗಂಟೆ ನಿಂತರೆ ‘ಡಿಸಾಸ್ಟ್ರಸ್’. ಕಸದ ಗಾಡಿ ಒಂದು ದಿನ ತಪ್ಪಿಸಿದರೆ ‘ಹಾರಿಬಲ್ ಸಿಚುವೇಶನ್’. ಗಣಪತಿ ಹಬ್ಬದ ಊಟದಲ್ಲಿ ಕೊನೆಯ ಪಂಕ್ತಿಗೆ ಪೂರಿ ಸಾಲದೆ ಬಂದಾಗ ಮೂರನೇ ಮಹಡಿಯವರು ‘ಕ್ಯಾಟಸ್ಟ್ರೋಫಿಕ್ ಮ್ಯಾನೇಜ್‌ಮೆಂಟ್’ ಅಂತ ಬರೆದರು. ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ಮುಂಬಯಿಯ ಮುಲುಂಡಿನ ಈ ಕಟ್ಟಡದಲ್ಲಿ ಗುಜರಾತಿ, ಮರಾಠಿ, ತಮಿಳು ಮನೆಗಳಿವೆ, ಕನ್ನಡ ತುಳು ಆಡುವ ನಾವು ನಾಲ್ಕೈದು ಮನೆಯವರೂ ಇದ್ದೇವೆ. ಸಕ್ಕರೆ ಕೇಳುವಾಗ ಹಿಂದಿ, ಜಗಳ ಶುರುವಾಗುವಾಗ ಮರಾಠಿ. ಸಿಟ್ಟು ನೆತ್ತಿಗೇರಿದ ಮೇಲೆ ಮಾತ್ರ ಎಲ್ಲರಿಗೂ ಇಂಗ್ಲಿಷೇ ಬೇಕು. ಅದರಲ್ಲೂ ಹಾಳು, ನಾಶ, ಸಾವು, ಸುಡುಗಾಡು ಅನ್ನುವ ಅರ್ಥದ ವಿಶೇಷಣಗಳು ಬೇಕು.

ಇದು ಬೇರೆಯವರಿಗೆ ತಮಾಷೆ. ನನಗೆ ಸ್ವಲ್ಪ ಕಿರಿಕಿರಿ. ಕಾರಣ ನನ್ನ ಹೊಟ್ಟೆಪಾಡು. ಊರಿನ ದಕ್ಷಿಣ ತುದಿಯ ಫೋರ್ಟಿನ ಒಂದು ಹಳೇ ಕಟ್ಟಡದಲ್ಲಿ ವಿಮಾ ಸರ್ವೇಯರ್ ಒಬ್ಬರ ಆಫೀಸಿನಲ್ಲಿ ನಾನು ಬಹಳ ವರ್ಷ ದುಡಿದೆ. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಮಗುಚಿದ ಲಾರಿ, ಇವನ್ನೆಲ್ಲ ಹೋಗಿ ನೋಡಿ, ಎಷ್ಟು ನಷ್ಟ ಅಂತ ಲೆಕ್ಕ ಕಟ್ಟಿ ವಿಮಾ ಕಂಪನಿಗೆ ವರದಿ ಕೊಡುವುದು ಕೆಲಸ. ಹಾಳಾದದ್ದನ್ನು ನೋಡುವುದೇ ಉದ್ಯೋಗ ಅಂದರೂ ಸರಿ. ಆ ವರದಿಗಳಲ್ಲಿ ‘ಡಿಸಾಸ್ಟ್ರಸ್’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಹಾಳಾದದ್ದನ್ನು ನೋಡದವರು ಇಷ್ಟು ಧಾರಾಳವಾಗಿ ಆ ಮಾತು ಆಡುತ್ತಾರೆ, ನೋಡುವುದೇ ಕೆಲಸವಾದವರು ಅದನ್ನು ಮುಟ್ಟುವುದಿಲ್ಲ. ಇದು ಯಾಕೆ ಅಂತ ಆಗಾಗ ತಲೆಯಲ್ಲಿ ಕೊರೆಯುತ್ತಿರುತ್ತದೆ.

ಭಯಂಕರ ಒಳ್ಳೆಯ ರಸಂ

ಮಗಳ ಹತ್ತಿರ ಈ ವಿಷಯ ಎತ್ತಿದೆ. ಅವಳು ಗಣಿತದ ಪರೀಕ್ಷೆ ಬರೆದು ಬಂದು ಬ್ಯಾಗ್ ಸೋಫಾದ ಮೇಲೆ ಎಸೆದು, “ಡಿಸಾಸ್ಟರ್ ಪಪ್ಪ, ಟೋಟಲ್ ಡಿಸಾಸ್ಟರ್” ಅಂದಿದ್ದಳು. ಎಷ್ಟು ಬಿಟ್ಟೆ ಅಂತ ಕೇಳಿದರೆ ಒಂದು ಲೆಕ್ಕ, ನಾಲ್ಕು ಅಂಕ. ನಾನು ಸುಮ್ನೆ ಇರಬೇಕಿತ್ತು. ನಾಲ್ಕು ಅಂಕಕ್ಕೆ ಟೋಟಲ್ ಅಂತ ಹೇಳುವುದಿಲ್ಲ, ನಮ್ಮ ಕೆಲಸದಲ್ಲಿ ‘ಟೋಟಲ್ ಲಾಸ್’ ಅಂದರೆ ಬೇರೇನೇ ಅರ್ಥ ಅಂತ ಶುರು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನೀವು ಮೊನ್ನೆ ಮಾಟುಂಗಾದಲ್ಲಿ ರಸಂ ಕುಡಿದು ಭಯಂಕರ ಒಳ್ಳೇದಿದೆ ಅಂದ್ರಲ್ಲ, ಅಲ್ಲಿ ಯಾರಿಗೆ ಭಯ ಆಯ್ತು?” ಅಂತ ಕೇಳಿದಳು.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾವೂ ಇದನ್ನೇ ಮಾಡುತ್ತೇವೆ. ಭಯಂಕರ ಸೆಖೆ, ಘೋರ ತಲೆನೋವು, ವಿಪರೀತ ಖುಷಿ. ಈ ಊರಿನಲ್ಲಂತೂ ಖತರ್‌ನಾಕ್ ಅಂದರೆ ಮೆಚ್ಚುಗೆ. ಲೋಕಲ್ ರೈಲು ಎರಡು ನಿಮಿಷ ತಡವಾದರೆ ‘ವಾಟ್ ಲಾಗಲಿ’, ಎಲ್ಲ ಕೆಟ್ಟು ಕೂತಿತು ಅಂತ. ಹೇಳುವವನ ಮುಖದಲ್ಲಿ ನಗು ಇರುತ್ತದೆ, ಕೈಯಲ್ಲಿ ವಡಾಪಾವ್ ಇರುತ್ತದೆ. ಇಂಗ್ಲಿಷಿನವರು ಟೆರಿಬಲಿ ಸಾರಿ, ಆಫುಲಿ ನೈಸ್ ಅನ್ನಲು ಶುರು ಮಾಡಿ ಎಷ್ಟೋ ಕಾಲವಾಯಿತು. ಅಂಜಿಸುವ ಮಾತನ್ನು ಉಜ್ಜಿ ಉಜ್ಜಿ ಮೊಂಡು ಮಾಡುವುದು ಎಲ್ಲ ಭಾಷೆಯವರ ಚಟ. ಇದರಿಂದ ಯಾರಿಗೂ ನಷ್ಟವಿಲ್ಲ. ಸಾಂಬಾರಿಗೆ ಡಿಸಾಸ್ಟರ್ ಅಂದರೆ ಸಾಂಬಾರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿದವರು ಮಾಡಿಕೊಳ್ಳಬಹುದು, ಅದು ಬೇರೆ ಮಾತು.

ಮನೆಯ ಮಾತನ್ನು ಮಗಳಿಗೇ ಬಿಟ್ಟುಕೊಟ್ಟೆ. ನನ್ನ ತಕರಾರು ಇರುವುದು ಕಾಗದದ ಮೇಲಿನ ಮಾತಿನ ಬಗ್ಗೆ.

ಒಂದೇ ಕಾಗದ, ಹೆಸರು ಬೇರೆ

2005ರ ಜುಲೈ 26, ಮಂಗಳವಾರ. ಮುಂಬಯಿಯಲ್ಲಿ ಇದ್ದವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಮಧ್ಯಾಹ್ನ ನಾನು ಫೋರ್ಟಿನಲ್ಲಿದ್ದೆ. ಅಲ್ಲಿ ಮಳೆ ಇತ್ತು, ಜುಲೈಯಲ್ಲಿ ಇರುವಷ್ಟೇ ಇತ್ತು. ಲೋಕಲ್ ನಿಂತಿದೆ ಅಂದಾಗಲೂ ಸಂಜೆ ಹೊತ್ತಿಗೆ ಸರಿಹೋಗುತ್ತದೆ ಅಂತ ಚಹಾ ಕುಡಿಯುತ್ತಾ ಕೂತಿದ್ದೆವು. ಆಫೀಸಿನ ಮೇಜಿನ ಮೇಲೆ ಮಲಗಿ ರಾತ್ರಿ ಕಳೆದು ಮರುದಿನ ನಡೆದು ಹೊರಟಾಗಲೇ ಗೊತ್ತಾದದ್ದು, ಅದೇ ಊರಿನ ಇನ್ನೊಂದು ತುದಿ ಮುಳುಗಿದೆ ಅಂತ.

ನೀರು ಇಳಿದ ಮೇಲೆ ನಮ್ಮ ಮೇಜಿನ ಮೇಲೆ ಕಾಗದಗಳ ಪ್ರವಾಹ. ಕುರ್ಲಾ, ಕಲೀನಾ, ಸಾಕಿನಾಕಾ, ಮೀಠಿ ನದಿಯ ಎರಡೂ ದಂಡೆಯ ಅಂಗಡಿ, ಗಿರಣಿ, ಗ್ಯಾರೇಜ್, ಹೋಟೆಲಿನವರು ಕ್ಲೇಮ್ ಹಾಕಿದ್ದರು. ಇಂಗ್ಲಿಷ್ ಬಾರದವರು ಕೋರ್ಟಿನ ಹೊರಗೆ ಕೂರುವ ಟೈಪಿಸ್ಟ್‌ಗಳ ಹತ್ತಿರ ಬರೆಸಿದ್ದರು. ಟೈಪಿಸ್ಟ್ ಸಾಹೇಬರು ಒಂದು ಒಳ್ಳೆಯ ಮಾದರಿ ಮಾಡಿಟ್ಟುಕೊಂಡಿದ್ದರು. ‘ಡೆವಸ್ಟೇಟಿಂಗ್ ಡೆಲ್ಯೂಜ್ ಆಫ್ ಅನ್‌ಪ್ರಿಸಿಡೆಂಟೆಡ್ ಮ್ಯಾಗ್ನಿಟ್ಯೂಡ್’ ಅಂತ ಶುರು. ‘ಕ್ಯಾಟಸ್ಟ್ರೋಫಿಕ್ ಆಂಡ್ ಇರ್ರೆಪರಬಲ್ ಲಾಸ್’ ಅಂತ ನಡು. ಔಷಧಿ ಅಂಗಡಿಯದ್ದೂ ಅದೇ, ಸೀರೆ ಅಂಗಡಿಯದ್ದೂ ಅದೇ, ಟೈರ್ ಅಂಗಡಿಯದ್ದೂ ಅದೇ. ಮೂವರ ಕಾಗದವನ್ನು ಸಾಲಾಗಿ ಇಟ್ಟರೆ ಹೆಸರು, ವಿಳಾಸ ಬಿಟ್ಟು ಬೇರೇನೂ ಬದಲಿಲ್ಲ. ಅಷ್ಟು ದೊಡ್ಡ ಮಾತು ಓದಿ ಮುಗಿಸಿದರೂ ಒಳಗೆ ಏನಿತ್ತು, ಏನು ಹೋಯಿತು ಅನ್ನುವುದು ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಟೈರ್ ನೀರಿನಲ್ಲಿ ನೆನೆದರೆ ತೊಳೆದು ಮಾರಬಹುದು. ಔಷಧಿಯ ಕಥೆ ಹಾಗಲ್ಲ, ಚರಂಡಿ ನೀರು ತಾಗಿದರೆ ಮುಗಿಯಿತು. ಸೀರೆ ಎರಡರ ನಡುವೆ, ಹತ್ತಿಯದ್ದೋ ರೇಷ್ಮೆಯದ್ದೋ ನೋಡಬೇಕು. ಟೈಪಿಸ್ಟನ ಇಂಗ್ಲಿಷಿನಲ್ಲಿ ಮೂರೂ ಇರ್ರೆಪರಬಲ್, ಸರಿಮಾಡಲಾಗದ್ದು.

ನಮ್ಮ ಹಿರಿಯ ಸರ್ವೇಯರ್ ಸಾಹೇಬರು ಸಿಟ್ಟಾಗುತ್ತಿರಲಿಲ್ಲ. ಅವರಿಗೆ ಎರಡೇ ಪ್ರಶ್ನೆ. ನೀರು ಎಷ್ಟು ಎತ್ತರ ಬಂತು? ಎಷ್ಟು ಹೊತ್ತು ನಿಂತಿತು? ಅದಕ್ಕೆ ಉತ್ತರ ಕಾಗದದಲ್ಲಿ ಇಲ್ಲದಿದ್ದರೆ ಟೇಪು ತೆಗೆದುಕೊಂಡು ಹೊರಡು ಅನ್ನುತ್ತಿದ್ದರು.

ವಿಮೆಯ ಪಾಲಿಸಿಯೂ ಒಂದು ರೀತಿಯಲ್ಲಿ ಅವರ ಹಾಗೇ. ಅಂಗಡಿಯವರು ಮಾಡಿಸುತ್ತಿದ್ದದ್ದು ಅಗ್ನಿ ವಿಮೆ. ಬೆಂಕಿಯ ವಿಮೆಯಲ್ಲಿ ನೀರಿಗೆ ದುಡ್ಡು ಹೇಗೆ ಅಂತ ಎಷ್ಟೋ ಜನ ಕೇಳುತ್ತಿದ್ದರು. ಅದರ ಒಳಗೆ ಒಂದು ಸಾಲು ಇರುತ್ತಿತ್ತು: ಸ್ಟಾರ್ಮ್, ಸೈಕ್ಲೋನ್, ಟೈಫೂನ್, ಟೆಂಪೆಸ್ಟ್, ಹರಿಕೇನ್, ಟಾರ್ನೆಡೊ, ಫ್ಲಡ್, ಇನಂಡೇಶನ್. ಬಿರುಗಾಳಿ, ನೆರೆಗಳ ಬರೀ ಹೆಸರುಗಳು. ಒಂದಕ್ಕೂ ಮುಂದೆ ಟೆರಿಬಲ್ ಇಲ್ಲ, ಹಾರಿಬಲ್ ಇಲ್ಲ. ಪ್ರವಾಹ ಬಂತಾ ಇಲ್ಲವಾ, ಅಷ್ಟೇ ಮಾತು.

ಕಲೀನಾದ ಹೋಟೆಲ್

ನನಗೆ ಮರೆಯಲಾಗದ ಕ್ಲೇಮ್ ಒಂದು ಸಣ್ಣ ಉಡುಪಿ ಹೋಟೆಲಿನದು. ಮಾಲೀಕರು ಕುಂದಾಪುರದ ಕಡೆಯವರು, ಆಗಲೇ ಅರವತ್ತು ದಾಟಿದ್ದರು. ಹುಡುಗರೆಲ್ಲ ಅಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಟೈಪಿಸ್ಟ್ ಹತ್ತಿರ ಹೋಗಿರಲಿಲ್ಲ. ಪಾಲಿಸಿಯ ಜೆರಾಕ್ಸ್ ಒಂದನ್ನು ಕಳಿಸಿ, ಬಂದು ನೋಡಿ ಅಂತ ಫೋನ್ ಮಾಡಿಸಿದ್ದರು.

ಶಟರ್ ಎತ್ತಿದ ಕೂಡಲೇ ಮುಖಕ್ಕೆ ಹೊಡೆದದ್ದು ವಾಸನೆ. ಕೆಸರು, ಡೀಸೆಲ್, ಹುಳಿ ಬಂದ ಹಿಟ್ಟು ಮೂರೂ ಕೂಡಿದ್ದು. ಗೋಡೆಯ ಬಿಳಿ ಟೈಲಿನ ಮೇಲೆ ಗೆರೆ ಎಳೆದ ಹಾಗೆ ನೀರಿನ ಗುರುತು. ಟೇಪು ಹಿಡಿದೆ, ಐದು ಅಡಿ ಎರಡು ಇಂಚು. ದೇವರ ಫೋಟೋ ಅದಕ್ಕಿಂತ ಮೇಲೆ ಇತ್ತು, ಹೂವಿನ ಮಾಲೆ ಮಾತ್ರ ಕೊಳೆತಿತ್ತು. ಕ್ಯಾಲೆಂಡರ್ ಅರ್ಧ ಒಣಗಿ ಅರ್ಧ ಗೋಡೆಗೆ ಅಂಟಿಕೊಂಡಿತ್ತು. ಗ್ರೈಂಡರ್ ಒಳಗೆ ಉದ್ದಿನ ಹಿಟ್ಟಿನ ಜಾಗದಲ್ಲಿ ಕಪ್ಪು ಮಣ್ಣು, ಕಲ್ಲು ತಿರುಗಿಸಿದರೆ ಕರಕರ. ಹಿಂದಿನ ಕೋಣೆಯಲ್ಲಿ ಉದ್ದಿನಕಾಳಿನ ಮೂಟೆಗಳು. ಕಾಳು ನೀರು ಕುಡಿದು ಉಬ್ಬಿ ಗೋಣಿಯ ಹೊಲಿಗೆಯನ್ನೇ ಕಿತ್ತು ಹೊರಗೆ ಬಂದಿತ್ತು. ಕೆಳಗಿನ ಮೂಟೆಯ ಕಾಳಿಗೆ ಮೊಳಕೆ ಕೂಡ ಬಂದಿತ್ತು. ಅಣ್ಣ ಅದನ್ನು ಕೈಯಲ್ಲಿ ಎತ್ತಿ ನೋಡಿ, “ನೋಡಿ, ಇದಕ್ಕೆ ಮಾತ್ರ ಒಳ್ಳೆ ಮಳೆಗಾಲ” ಅಂದರು.

ಎಂತ ಆಯ್ತು ಹೇಳಿ ಅಣ್ಣ ಅಂತ ನಾನು ಪುಸ್ತಕ ತೆರೆದೆ.

“ಎಂತ ಹೇಳುದು ಮಾರಾಯ್ರೆ, ನೀವೇ ಕಾಣ್ತಿದ್ರಲ್ಲ” ಅಂದರು. ಆಮೇಲೆ ಹೇಳತೊಡಗಿದರು. ಎರಡೂವರೆಗೆ ಮೆಟ್ಟಿಲಿನ ಹತ್ತಿರ ನೀರು. ಮೂರಕ್ಕೆ ಒಳಗೆ. ಗಿರಾಕಿಗಳು ಬೆಂಚಿನ ಮೇಲೆ ಕಾಲು ಎತ್ತಿ ಕೂತು ತಿಂಡಿ ಮುಗಿಸಿದರು, ಇಬ್ಬರು ಬಿಲ್ ಕೂಡ ಕೊಟ್ಟರು. ಮೊದಲು ಹೋದದ್ದು ಫ್ರಿಜ್, ಅದರ ಕಂಪ್ರೆಸರ್ ಕೆಳಗೇ ಇರುತ್ತದಲ್ಲ, ಅರ್ಧ ಅಡಿ ನೀರು ಸಾಕು. ಆಮೇಲೆ ಗ್ಯಾಸ್ ಸಿಲಿಂಡರ್ ತೇಲತೊಡಗಿತು. ಸಿಲಿಂಡರ್ ತೇಲುತ್ತದೆ ಅನ್ನುವುದು ಅವತ್ತೇ ಗೊತ್ತಾದದ್ದು ಅಂದರು. ಕರೆಂಟ್ ಕತ್ತರಿಸಲು ಒಬ್ಬ ಹುಡುಗ ಸ್ಟೂಲ್ ಹತ್ತಿದ. ಹುಡುಗರನ್ನೆಲ್ಲ ಮೇಲಿನ ಅಟ್ಟಕ್ಕೆ ಹತ್ತಿಸಿ, ಅಲ್ಲಿಂದ ಪಕ್ಕದ ಕಟ್ಟಡದ ಕಿಟಕಿಗೆ ದಾಟಿಸಿದರು. ಕೊನೆಗೆ ಇವರು.

ಇಷ್ಟು ಹೊತ್ತಿನಲ್ಲಿ ಅವರ ಬಾಯಿಂದ ಒಂದು ವಿಶೇಷಣ ಬರಲಿಲ್ಲ. ಎಲ್ಲ ಕ್ರಿಯಾಪದ, ಎಲ್ಲ ಸಾಮಾನಿನ ಹೆಸರು, ಎಲ್ಲ ಹೊತ್ತು. ಈ ಕೆಲಸದಲ್ಲಿ ನಾನು ನೋಡಿದ ಬಹುತೇಕ ಜನ ಹೀಗೇ. ನಿಜವಾಗಿ ಮುಳುಗಿದವರು ಎಷ್ಟು ಗಂಟೆಗೆ ಏನು ತೇಲಿತು ಅಂತ ಹೇಳುತ್ತಾರೆ. ಡೆವಸ್ಟೇಟಿಂಗ್ ಅನ್ನುವವರು ಬೇರೆಯವರು, ಪಕ್ಕದ ಬೀದಿಯವರೋ, ಮರುದಿನ ಬಂದವರೋ.

ಅವರ ಮಗ ಒಂದು ಶಾಲೆಯ ಪುಸ್ತಕದಲ್ಲಿ ಕನ್ನಡದಲ್ಲಿ ಪಟ್ಟಿ ಮಾಡಿಟ್ಟಿದ್ದ. ಫ್ರಿಜ್ ಎರಡು, ಗ್ರೈಂಡರ್ ಒಂದು, ಮಿಕ್ಸರ್ ಎರಡು, ಅಕ್ಕಿ ಎಂಟು ಮೂಟೆ, ಉದ್ದು ನಾಲ್ಕು, ಸಕ್ಕರೆ ಎರಡು, ‘ಪೂರ್ತಿ ಕರಗಿದೆ’ ಅಂತ ಪಕ್ಕದಲ್ಲಿ ಟಿಪ್ಪಣಿ. ಇಡ್ಲಿ ತಟ್ಟೆ, ಕಡಾಯಿ, ಸ್ಟೀಲ್ ಲೋಟಗಳ ಎದುರು ‘ತೊಳೆದರೆ ಆಗುತ್ತದೆ’ ಅಂತ ಬರೆದಿದ್ದ. ಹಾಗೆ ಬರೆಯುವವರು ಬಹಳ ಕಡಿಮೆ. ನಾನು ಅದನ್ನೇ ಇಂಗ್ಲಿಷಿಗೆ ಇಳಿಸಿದೆ. ನಮ್ಮ ಸಾಹೇಬರು ಓದಿ, ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಅಂದರು. ಮಿಕ್ಕ ಎಲ್ಲ ಸಾಲುಗಳನ್ನೂ ಅವರು ನಂಬಿದ್ದು ಆ ಲೋಟಗಳ ದೆಸೆಯಿಂದ.

ಹಾಗಂತ ದುಡ್ಡು ಪೂರ್ತಿ ಬರಲಿಲ್ಲ. ವಿಮೆಯಲ್ಲಿ ‘ಆವರೇಜ್’ ಅಂತ ಒಂದು ನಿಯಮ ಇದೆ. ನಾಲ್ಕು ಲಕ್ಷದ ಸಾಮಾನಿಗೆ ಎರಡು ಲಕ್ಷದ ವಿಮೆ ಮಾಡಿಸಿದ್ದರೆ, ಉಳಿದ ಅರ್ಧಕ್ಕೆ ನೀವೇ ವಿಮೆ ಕಂಪನಿ ಅಂತ ಲೆಕ್ಕ. ಒಂದು ಲಕ್ಷ ನಷ್ಟವಾದರೆ ಕೈಗೆ ಸಿಗುವುದು ಐವತ್ತು ಸಾವಿರ. ಪ್ರೀಮಿಯಂ ಉಳಿಸಲು ಕಡಿಮೆ ಮೊತ್ತಕ್ಕೆ ಮಾಡಿಸುವುದು ನಮ್ಮವರ ಅಭ್ಯಾಸ. ಅಣ್ಣನದ್ದೂ ಹಾಗೇ ಆಗಿತ್ತು. ಎಷ್ಟು ದೊಡ್ಡ ವಿಶೇಷಣ ಹಾಕಿದರೂ ಈ ಭಾಗಾಕಾರ ಬದಲಾಗುವುದಿಲ್ಲ.

944ಕ್ಕೆ ವಿಶೇಷಣ ಇಲ್ಲ

ವಿಶೇಷಣಗಳನ್ನು ಅಳೆದು ಬಳಸುವ ಆಫೀಸುಗಳೂ ಇವೆ. ಹವಾಮಾನ ಇಲಾಖೆಯನ್ನೇ ನೋಡಿ. ಅವರ ಹೆವಿ, ವೆರಿ ಹೆವಿ, ಎಕ್ಸ್‌ಟ್ರೀಮ್ಲಿ ಹೆವಿ ಕೇಳಿ ನಾವು ಸಿಕ್ಕಾಪಟ್ಟೆ ಮಳೆ ಅಂತಷ್ಟೇ ಅಂದುಕೊಳ್ಳುತ್ತೇವೆ. ಆದರೆ ಅವು ಒಂದೊಂದೂ ಒಂದು ಅಳತೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಹೆವಿ. 115.6 ಆದರೆ ವೆರಿ ಹೆವಿ. 204.5ರಿಂದ ಮೇಲೆ ಎಕ್ಸ್‌ಟ್ರೀಮ್ಲಿ ಹೆವಿ. ಗಾಳಿಗೂ ಹೀಗೇ. ಚಂಡಮಾರುತಕ್ಕೆ ‘ಸಿವಿಯರ್’ ಅನ್ನಲು ಗಾಳಿ ಗಂಟೆಗೆ ಕನಿಷ್ಠ 89 ಕಿಲೋಮೀಟರ್ ಬೀಸಬೇಕು. 2020ರ ಜೂನ್ 3ರಂದು ರಾಯಗಡದ ಕರಾವಳಿಗೆ ಅಪ್ಪಳಿಸಿದ ನಿಸರ್ಗ ಅನ್ನುವ ಚಂಡಮಾರುತಕ್ಕೆ ಆ ಮಾತು ಸಿಕ್ಕಿದ್ದು ಗಾಳಿಯನ್ನು ಅಳೆದ ಮೇಲೆ.

ಈ ಲೆಕ್ಕದಲ್ಲಿ 2005ರ ಜುಲೈ 26 ನೋಡಿ. ಕಲೀನಾದ ಪಕ್ಕದ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಫೋರ್ಟಿನ ಪಕ್ಕದ ಕೊಲಾಬಾದಲ್ಲಿ ಸುಮಾರು 73. ಅಂದರೆ ನಾನು ಚಹಾ ಕುಡಿಯುತ್ತಾ ಕೂತಿದ್ದ ಕಡೆ ಹೆವಿ, ಅಷ್ಟೇ. ಅಣ್ಣನ ಹೋಟೆಲ್ ಇದ್ದ ಕಡೆ ಎಕ್ಸ್‌ಟ್ರೀಮ್ಲಿ ಹೆವಿ, ಅದೂ ಅದರ ಗಡಿಯ ನಾಲ್ಕೂವರೆ ಪಟ್ಟು. ಇಲ್ಲೇ ನನಗೆ ಒಂದು ವಿಷಯ ಹೊಳೆದದ್ದು. 205 ಆದರೂ ಎಕ್ಸ್‌ಟ್ರೀಮ್ಲಿ ಹೆವಿ, 944 ಆದರೂ ಎಕ್ಸ್‌ಟ್ರೀಮ್ಲಿ ಹೆವಿ. ಏಣಿಯ ಕೊನೇ ಮೆಟ್ಟಿಲು ಅದೇ. ಅದರ ಮೇಲೆ ಮಾತು ಇಲ್ಲ, ಅಂಕಿ ಮಾತ್ರ. ಇವತ್ತಿಗೂ ಮುಂಬಯಿಯವರು ಆ ಮಳೆಯ ಬಗ್ಗೆ ಹೇಳುವಾಗ ‘ನೈನ್ ಫಾರ್ಟಿ ಫೋರ್’ ಅಂತ ಅಂಕಿಯನ್ನೇ ಹೇಳುತ್ತಾರೆ.

ಭೂಕಂಪದವರ ಕಥೆ ಇನ್ನೂ ಸ್ವಾರಸ್ಯ. 1964ರಲ್ಲಿ ಮೂವರು ವಿಜ್ಞಾನಿಗಳು ಸೇರಿ ಮಾಡಿದ ಎಂಎಸ್‌ಕೆ ಅನ್ನುವ ಒಂದು ಅಳತೆ ಇದೆ. ನಮ್ಮ ದೇಶದ ಭೂಕಂಪ ವಲಯಗಳನ್ನು ಗುರುತಿಸುವಾಗ ಇದನ್ನು ಇಟ್ಟುಕೊಂಡಿದ್ದರು. ಹನ್ನೆರಡು ಮೆಟ್ಟಿಲು. ಎಂಟನೆಯದು ಡ್ಯಾಮೇಜಿಂಗ್, ಒಂಬತ್ತು ಡಿಸ್ಟ್ರಕ್ಟಿವ್, ಹತ್ತು ಡೆವಸ್ಟೇಟಿಂಗ್, ಹನ್ನೊಂದು ಕ್ಯಾಟಸ್ಟ್ರೋಫಿಕ್. ಹನ್ನೆರಡನೆಯದಕ್ಕೆ ಬರುವಾಗ ಪಾಪ ಅವರ ಹತ್ತಿರವೂ ಮಾತು ಮುಗಿದಿತ್ತು. ವೆರಿ ಕ್ಯಾಟಸ್ಟ್ರೋಫಿಕ್ ಅಂತ ಬರೆದರು! ಆದರೂ ಮೆಚ್ಚಬೇಕು. ಪ್ರತಿ ಮೆಟ್ಟಿಲಿಗೂ ಎಂಥ ಗೋಡೆ ಬಿರುಕು ಬಿಡುತ್ತದೆ, ಎಂಥ ಮನೆ ಬೀಳುತ್ತದೆ, ನೆಲ ಎಲ್ಲಿ ಸೀಳುತ್ತದೆ ಅಂತ ವಿವರ ಕೊಟ್ಟಿದ್ದಾರೆ. ಅಲ್ಲಿ ಡೆವಸ್ಟೇಟಿಂಗ್ ಅಂದರೆ ಕ್ಯಾಟಸ್ಟ್ರೋಫಿಕ್‌ಗಿಂತ ಒಂದು ಮೆಟ್ಟಿಲು ಕಡಿಮೆ. ನಮ್ಮ ಟೈಪಿಸ್ಟ್ ಎರಡನ್ನೂ ಒಂದೇ ಕಾಗದದಲ್ಲಿ ತುಂಬಿಸಿದ್ದರು. ಪೂರಿ ಸಾಲದ್ದಕ್ಕೆ ಹನ್ನೊಂದನೇ ಮೆಟ್ಟಿಲು ಹತ್ತಿದ ಮೂರನೇ ಮಹಡಿಯವರಿಗೆ ಇದನ್ನು ಹೇಳಬೇಕು ಅನ್ನಿಸಿತ್ತು. ಹೇಳಲಿಲ್ಲ, ಅವರೇ ಸೊಸೈಟಿಯ ಕಾರ್ಯದರ್ಶಿ.

ಯಾರ ಪಾಲು

ಹಾಳಾದದ್ದನ್ನು ನಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೇವೆ ಅಂತ ಯೋಚಿಸಿದರೆ, ಅಲ್ಲೂ ವಿಶೇಷಣ ಕಡಿಮೆ. ಬೆಳೆ ನೀರುಪಾಲಾಯಿತು. ಅಂಗಡಿ ಬೆಂಕಿಪಾಲಾಯಿತು. ಆಸ್ತಿ ಕಂಡವರ ಪಾಲಾಯಿತು. ಸಂಸಾರ ಬೀದಿಪಾಲಾಯಿತು. ಪಾಲು ಅಂದಮೇಲೆ ಕಸಿದುಕೊಂಡವರು ಯಾರೋ ಇರಲೇಬೇಕಲ್ಲ? ನೀರೋ ಬೆಂಕಿಯೋ ದಾಯಾದಿಯೋ, ಅದು ಆ ಮಾತಿನ ಒಳಗೇ ಕೂತಿದೆ. ಡೆವಸ್ಟೇಟೆಡ್ ಅಂದಾಗ ಯಾರಿಂದ ಅಂತ ಬೇರೆಯಾಗಿ ಕೇಳಬೇಕು. ನೀರುಪಾಲು ಅಂದಾಗ ಕೇಳಬೇಕಾಗಿಲ್ಲ. ನಾನು ಭಾಷೆಯ ಪಂಡಿತನಲ್ಲ, ಆದರೆ ನಷ್ಟದ ವರದಿ ಬರೆಯುವವನಿಗೆ ಈ ‘ಪಾಲು’ ಬಹಳ ಅನುಕೂಲದ ಮಾತು. ವರದಿಯ ಮೊದಲ ಕಲಂನಲ್ಲೇ ‘ನಷ್ಟದ ಕಾರಣ’ ಅಂತ ಇರುತ್ತದೆ.

ಊರಿನಲ್ಲಿ ನಮ್ಮಜ್ಜಿ 1923ರ ನೆರೆಯ ಬಗ್ಗೆ ಹೇಳುತ್ತಿದ್ದರು. ಅವರಿಗೂ ಅದು ಹಿರಿಯರಿಂದ ಕೇಳಿದ ಕಥೆ. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ್ದು. ತುಳುವಿನಲ್ಲಿ ಅದಕ್ಕೆ ಮಾರಿಬೊಳ್ಳ ಅಂತಲೇ ಹೆಸರು. ಬೊಳ್ಳ ಅಂದರೆ ನೆರೆ. ಅದರ ಹಿಂದೆ ಮಾರಿಯನ್ನು ತಂದು ನಿಲ್ಲಿಸಿದ್ದಾರೆ, ಬಂದದ್ದು ಯಾರು ಅಂತ ಗೊತ್ತಿರಲಿ ಅಂತ.

ಪುಣೆ ಜಿಲ್ಲೆಯ ಮಾಳೀಣ ನೆನಪಿದೆಯಾ? 2014ರ ಜುಲೈ 30ರ ಬೆಳಗ್ಗೆ ಗುಡ್ಡ ಕುಸಿದು ಊರಿನ ಬಹುಭಾಗವನ್ನು ಮುಚ್ಚಿತು, 150ಕ್ಕೂ ಜಾಸ್ತಿ ಜನ ಸತ್ತರು. ಹೊರಗಿನವರಿಗೆ ಗೊತ್ತಾದದ್ದು ಆ ದಾರಿಯ ಸರ್ಕಾರಿ ಎಸ್‌ಟಿ ಬಸ್ ಚಾಲಕರಿಂದ. ದಿನವೂ ಕಾಣುತ್ತಿದ್ದ ಊರು ಅವತ್ತು ಕಾಣಲಿಲ್ಲ. ಆ ಸುದ್ದಿಗೆ ಯಾವ ವಿಶೇಷಣ ಸೇರಿಸಿದರೂ ಅದು ಸಣ್ಣದಾಗುತ್ತದೆ.

ಅನ್‌ಪ್ರಿಸಿಡೆಂಟೆಡ್

ಇವೆಲ್ಲದರ ನಡುವೆ ನನಗೆ ನಿಜವಾಗಿ ಸಿಟ್ಟು ಬರಿಸುವ ಮಾತು ಒಂದೇ. ಅದು ಟೈಪಿಸ್ಟನ ಕಾಗದದಲ್ಲೂ ಇತ್ತು, ಆದರೆ ಅವನು ಅದನ್ನು ಪತ್ರಿಕೆಗಳಿಂದ ಎತ್ತಿಕೊಂಡಿದ್ದ. ಪತ್ರಿಕೆಗಳು ಅಧಿಕಾರಿಗಳಿಂದ. ಅನ್‌ಪ್ರಿಸಿಡೆಂಟೆಡ್. ಹಿಂದೆಂದೂ ಆಗದ್ದು. ಈ ಮಾತು ಬಾಯಿಗೆ ಬಂದ ಕೂಡಲೇ ಕುರ್ಚಿಯಲ್ಲಿ ಕೂತವರ ಬೆನ್ನು ಸ್ವಲ್ಪ ಸಡಿಲಾಗುತ್ತದೆ, ನೋಡಿ ಬೇಕಾದರೆ. ಹಿಂದೆಂದೂ ಆಗದ್ದಕ್ಕೆ ಯಾರು ತಯಾರಾಗಲು ಸಾಧ್ಯ, ಅಲ್ವಾ?

944 ಮಿಲಿಮೀಟರ್ ಹಿಂದೆಂದೂ ಮುಂಬಯಿಯಲ್ಲಿ ದಾಖಲಾಗಿರಲಿಲ್ಲ, ನಿಜ. ಆದರೆ ಈ ಊರಿನ ಮಳೆನೀರಿನ ಚರಂಡಿಗಳ ಸ್ಥಿತಿ ಹೊಸ ಸುದ್ದಿ ಏನಲ್ಲ. ಬ್ರಿಟಿಷರ ಕಾಲದ ಆ ಜಾಲ ಗಂಟೆಗೆ 25 ಮಿಲಿಮೀಟರ್ ಮಳೆಗೆ ಮಾಡಿದ್ದು, ಅದೂ ಸಮುದ್ರದಲ್ಲಿ ಇಳಿತ ಇದ್ದಾಗ. 1985ರಲ್ಲಿ ಊರು ಮುಳುಗಿದ ಮೇಲೆ ಅಧ್ಯಯನಕ್ಕೆ ಕೊಟ್ಟರು. 1993ರಲ್ಲಿ ಬ್ರಿಮ್‌ಸ್ಟೊವ್ಯಾಡ್ ಅನ್ನುವ ವರದಿ ಬಂತು. 25 ಸಾಲದು, 50 ಮಾಡಿ, ಪಂಪಿಂಗ್ ಸ್ಟೇಷನ್ ಕಟ್ಟಿ ಅಂತ ಅದರಲ್ಲಿ ಇತ್ತು. ಜುಲೈ 26 ಬಂದಾಗ ಆ ವರದಿಗೆ ಹನ್ನೆರಡು ವರ್ಷ. ಹೆಚ್ಚಿನ ಕೆಲಸ ಕಾಗದದಲ್ಲೇ ಇತ್ತು. 50 ಆಗಿದ್ದರೂ ಆ ದಿನದ ಮಳೆಗೆ ಸಾಕಾಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಆದರೆ ನೀರು ಬೇಗ ಇಳಿಯುತ್ತಿತ್ತೇನೋ. ಎಷ್ಟು ಹೊತ್ತು ನಿಂತಿತು ಅನ್ನುವ ಸಾಹೇಬರ ಎರಡನೇ ಪ್ರಶ್ನೆಗೆ ಬೇರೆ ಉತ್ತರ ಸಿಗುತ್ತಿತ್ತು. ಮೇಲಿನ ಸಾಲಿನ ಅಕ್ಕಿ ಮೂಟೆ ಉಳಿಯುತ್ತಿತ್ತು.

ಅಂಕಿ ಅನ್‌ಪ್ರಿಸಿಡೆಂಟೆಡ್ ಇರಬಹುದು, ಉದಾಸೀನ ಅಲ್ಲ. ಆದರೆ ಆ ವಿಶೇಷಣ ಎರಡನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ಪಾಲಿಸಿಯಲ್ಲಿ ಇಲ್ಲದ ಪೆಟ್ಟಿಗೆಗಳು

ಅಣ್ಣನ ಹೋಟೆಲಿನ ಪಟ್ಟಿ ಮುಗಿಸಿ ಏಳುವಾಗ ಹಿಂದಿನ ಗೋಡೆಗೆ ಒರಗಿಸಿದ ತಗಡಿನ ಟ್ರಂಕ್‌ಗಳು ಕಂಡವು, ನಾಲ್ಕೋ ಐದೋ. ಮುಚ್ಚಳ ತೆರೆದು ಬಿಸಿಲಿಗೆ ಇಟ್ಟಿದ್ದರು. ಇವು ಯಾರದ್ದು ಅಂತ ಕೇಳಿದರೆ ಹುಡುಗರದ್ದು. ಹಗಲು ಮೇಜು ಒರೆಸಿ ರಾತ್ರಿ ಶಾಲೆಗೆ ಹೋಗುವ ಹುಡುಗರು. ಮುಂಬಯಿ ಕನ್ನಡಿಗರಿಗೆ ರಾತ್ರಿ ಶಾಲೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಇವತ್ತು ದೊಡ್ಡ ಹೋಟೆಲ್ ನಡೆಸುವ ಎಷ್ಟೋ ಜನ ಅಲ್ಲೇ ಕಲಿತು ಮೇಲೆ ಬಂದವರು. ಟ್ರಂಕಿನಲ್ಲಿ ಪುಸ್ತಕ ಒಂದೇ ಮುದ್ದೆಯಾಗಿತ್ತು. ಊರಿಂದ ಬಂದ ಕಾಗದಗಳ ಶಾಯಿ ಹರಡಿ ನೀಲಿ ಕಲೆಯಾಗಿತ್ತು. ಒಬ್ಬ ತನ್ನ ಎಸ್ಸೆಸ್ಸಿ (ಹತ್ತನೇ ತರಗತಿ) ಅಂಕಪಟ್ಟಿಯನ್ನು ತಟ್ಟೆಯ ಮೇಲೆ ಹರಡಿ ನಾಲ್ಕು ಮೂಲೆಗೂ ಲೋಟ ಇಟ್ಟಿದ್ದ. ಮುಟ್ಟಿದರೆ ಹರಿಯುವ ಹಾಗಿತ್ತು.

ಪಾಲಿಸಿ ಮಾಲೀಕರ ಹೆಸರಿನಲ್ಲಿ. ಕಟ್ಟಡ, ಯಂತ್ರ, ದಾಸ್ತಾನು ಅಷ್ಟೇ ಅದರೊಳಗೆ. ಹುಡುಗರ ಟ್ರಂಕು ಯಾವ ಕಲಂಗೂ ಬರುವುದಿಲ್ಲ. ನಾನು ಸಾಹೇಬರನ್ನು ಕೇಳಿದೆ, ಬರೆಯಲು ಆಗುವುದಿಲ್ಲ ಅಂದರು. ಸರಿಯಾದ ಮಾತೇ. ನಷ್ಟವನ್ನು ಅಳೆಯುವ ನಮ್ಮ ಟೇಪು ಪಾಲಿಸಿ ಮುಗಿಯುವಲ್ಲಿ ಮುಗಿಯುತ್ತದೆ. ವಿಶೇಷಣ ಬೇಡ, ಪಟ್ಟಿ ಸಾಕು ಅಂತ ಇಷ್ಟು ಹೊತ್ತು ವಾದ ಮಾಡಿದವನಿಗೆ ಈ ಪೆಟ್ಟಿಗೆಗಳು ಮಾತ್ರ ತೊಡಕು. ಪಟ್ಟಿಗೂ ಹೊರಗೆ ಬಿದ್ದವರಿದ್ದಾರೆ.

ಆ ಹುಡುಗನಿಗೆ ಅಂಕಪಟ್ಟಿಯ ನಕಲು ಬೇಕಿತ್ತು. ಅರ್ಜಿ ತುಂಬಿಸಲು ನನ್ನ ಹತ್ತಿರ ಬಂದ, ಕೊಡಲು ಜೊತೆಗೂ ಕರೆದುಕೊಂಡು ಹೋದ. ‘ಕಳೆದುಹೋದ ಕಾರಣ’ ಅನ್ನುವ ಕಡೆ ಏನು ಬರೆಯಲಿ ಅಂತ ಕೇಳಿದ. ಪೇಪರಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಮಾತುಗಳು ಅವನಿಗೂ ಬಾಯಿಪಾಠ ಆಗಿದ್ದವು. ನಾನು ತಾರೀಖು ಬರೆ ಸಾಕು ಅಂದೆ. 26-7-2005, ಕಲೀನಾ ಅಂತ ಬರೆದ. ಕಿಟಕಿಯ ಆಚೆ ಇದ್ದ ಗುಮಾಸ್ತರು ಅರ್ಜಿ ತೆಗೆದುಕೊಂಡು, ಕನ್ನಡಕ ಸರಿಮಾಡಿ ಓದಿದರು. ಛಬ್ಬೀಸ್ ಜುಲೈ ಅಂತ ಅವರಷ್ಟಕ್ಕೇ ಹೇಳಿಕೊಂಡು ಠಸ್ಸೆ ಒತ್ತಿದರು. ಬೇರೆ ಯಾವ ವಿವರಣೆಯನ್ನೂ ಕೇಳಲಿಲ್ಲ. ಆಮೇಲೆ ತಲೆ ಎತ್ತಿ ಹಿಂದಿಯಲ್ಲಿ ಕೇಳಿದರು, ನಿಮ್ಮಲ್ಲಿ ಎಷ್ಟು ಬಂದಿತ್ತು ಅಂತ. ಹುಡುಗ ಮೂಗಿನ ಹತ್ತಿರ ಕೈ ಇಟ್ಟು ತೋರಿಸಿದ. ಅವರು ತಮ್ಮ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ನಮ್ಮ ಚಾಳಿನ ವಠಾರದಲ್ಲಿ ಇಷ್ಟು ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸು, ನಮ್ಮಲ್ಲಿ ಮೀಟರ್ ಬಾಕ್ಸ್ ಮುಳುಗಿತ್ತು ಅಂತ ಸೇರಿಸಿದಳು. ಮೀಟರ್ ಬಾಕ್ಸ್ ಎಷ್ಟು ಎತ್ತರ ಇತ್ತು ಅಂತ ಗುಮಾಸ್ತರು ಕೇಳಿದರು.